ಗೋಡೆಯಾಚೆ ತಾಯಿ, ಈಚೆ ನಾನು

ನಾನು ಒಂದು ತೊಟ್ಟಿಲು. ಹುಟ್ಟಿದ್ದು ಕಲಘಟಗಿಯಲ್ಲಿ. ಸಾಗುವಾನಿ ಕೊರೆದು, ಅರಗಿನ ಬಣ್ಣ ಹಚ್ಚಿ, ನನ್ನ ಮೈತುಂಬ ಗಿಳಿ ಬರೆದವನು ಪರಸಪ್ಪ ಎಂಬ ಚಿತ್ರಗಾರ. ಹುಬ್ಬಳ್ಳಿಯ ದ್ಯಾಮವ್ವ ನನ್ನನ್ನು ಕೊಂಡುಹೋದಳು. ಅವಳ ಮಗ ಶೇಖಪ್ಪ ನನ್ನಲ್ಲೇ ಮಲಗಿ ಬೆಳೆದ. ಆಮೇಲೆ ನಾನು ಅಟ್ಟ ಸೇರಿದೆ. ಶೇಖಪ್ಪ ಟೆಂಪೊ ಓಡಿಸುವವನಾಗಿ, ಮದುವೆಯಾಗಿ, ಹೆಂಡತಿ ಕಸ್ತೂರಿ ಬಸುರಿಯಾದಾಗ ನನ್ನನ್ನು ಕೆಳಗಿಳಿಸಿ ಧೂಳು ಒರೆಸಿದರು.

ಆ ವಾರವೇ ಕಸ್ತೂರಿ ಆಸ್ಪತ್ರೆಯಿಂದ ಬಂದು ಹೊಸ್ತಿಲಲ್ಲಿ ನಿಂತುಬಿಟ್ಟಳು. ಬಸುರಿಯರಿಗೆಲ್ಲ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಗಿತ್ತು. ಲಿವರಿಗೆ ತಗಲುವ ಸೋಂಕು.

“ಎಲ್ಲಿಂದ ಹಚ್ಚಿಕೊಂಡು ಬಂದೀ ಇದನ್ನ?” ಎಂದಳು ದ್ಯಾಮವ್ವ.

ಅತ್ತೆ ಯಾವ ಅರ್ಥದಲ್ಲಿ ಕೇಳಿದಳೆಂದು ಕಸ್ತೂರಿಗೆ ತಿಳಿಯಿತು. ಗಂಡನ ಮುಖ ನೋಡಿದಳು. ಅವನು ಟೆಂಪೊದ ಕೀಲಿ ತೆಗೆದುಕೊಂಡು ಹೊರಗೆ ಹೋದ.

ತವರಿನಲ್ಲಿ ತಾಯಿ ಇರಲಿಲ್ಲ. ಹಾಗಾಗಿ ಬಾಣಂತನ ಇಲ್ಲೇ ಆಯಿತು. ಗಂಡುಕೂಸು. ಹುಟ್ಟಿದ ದಿನವೇ ಆಸ್ಪತ್ರೆಯಲ್ಲಿ ಅದಕ್ಕೆ ರಕ್ಷಣೆಯ ಚುಚ್ಚುಮದ್ದು ಹಾಕಿ, ಎದೆಹಾಲು ಕುಡಿಸಬಹುದೆಂದು ಹೇಳಿ ಕಳಿಸಿದ್ದರು. ದ್ಯಾಮವ್ವ ನಂಬಲಿಲ್ಲ. ಕೂಸನ್ನು ನನ್ನಲ್ಲಿ ಹಾಕಿ, ಬಾಟಲಿಯಲ್ಲಿ ಪುಡಿಹಾಲು ಕುಡಿಸಿದಳು. ಕಸ್ತೂರಿಯ ಚಾಪೆ ಗೋಡೆಯಾಚೆಗೆ ಹೋಯಿತು. ತಾಟು, ಲೋಟ ಬೇರೆಯಾದವು.

ಕೂಸು ಬಾಟಲಿಯನ್ನು ಉಗುಳಿ ಅಳುತ್ತಿತ್ತು. ದ್ಯಾಮವ್ವ ಹಗ್ಗ ಜಗ್ಗಿ ಜಗ್ಗಿ ತೂಗುತ್ತಿದ್ದಳು. ನಾನು ಎಷ್ಟು ಬೀಸಿ ತೂಗಿದರೂ ಅಳು ನಿಲ್ಲುತ್ತಿರಲಿಲ್ಲ. ಗೋಡೆಯಾಚೆ ಕಸ್ತೂರಿ ಕೂರುತ್ತಿದ್ದಳು, ಏಳುತ್ತಿದ್ದಳು, ಅತ್ತಿಂದಿತ್ತ ನಡೆಯುತ್ತಿದ್ದಳು. ಅವಳ ಕುಪ್ಪಸ ಹಾಲಿನಿಂದ ಒದ್ದೆಯಾಗಿರುತ್ತಿತ್ತು. ಅವಳ ಕಡೆಗೆ ಒಂದು ಗೇಣು ಸರಿಯಬೇಕೆಂದು ನನಗೆ ಒದ್ದಾಟ. ತೊಟ್ಟಿಲು ಹೋದಲ್ಲಿಂದ ಹಾಗೇ ಹಿಂದಕ್ಕೆ ಬರುತ್ತದೆ.

ಹೆಸರಿಡುವ ದಿನ ಓಣಿಯ ಹೆಂಗಸರು ಯಾರೂ ಬರಲಿಲ್ಲ. ಸುದ್ದಿ ಹಬ್ಬಿತ್ತು. ಕೂಸು ಅಳತೊಡಗಿತು. ಕಸ್ತೂರಿ ಗೋಡೆ ದಾಟಿ ಬಂದು ಕೂಸನ್ನೆತ್ತಿ ಎದೆಗೆ ಹಚ್ಚಿಕೊಂಡಳು.

“ಮುಟ್ಟಬ್ಯಾಡಂತ ಹೇಳೇನಿಲ್ಲ?”

“ನನ್ನ ಮಾತು ನಂಬಬ್ಯಾಡ್ರಿ ಅತ್ತಿ. ನಾಳೆ ದವಾಖಾನಿಗೆ ನಡೀರಿ, ಡಾಕ್ಟರ್‌ಬಾಯಾರನ್ನ ನೀವ ಕೇಳ್ರಿ. ಅಲ್ಲೀತನಾ ಕೂಸು ನನ್ನ ಕಡೆ ಇರ್ತೈತಿ.”

ಮರುದಿನ ಶೇಖಪ್ಪನೂ ಸೇರಿ ಮೂವರೂ ಹೋದರು. ಬಂದ ಮೇಲೆ ಅವರ ಮಾತಿನಿಂದ ನನಗೆ ಎಲ್ಲ ತಿಳಿಯಿತು. ಕೂಡಿ ಉಣ್ಣುವುದರಿಂದ, ಮುಟ್ಟುವುದರಿಂದ ಇದು ಹರಡುವುದಿಲ್ಲ. ರಕ್ತದಿಂದ, ಗಂಡಹೆಂಡಿರ ಕೂಡುವಿಕೆಯಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರು ಇವರ ರಕ್ತವನ್ನೂ ತೆಗೆದಿದ್ದರು.

ಶೇಖಪ್ಪನಿಗೆ ಇರಲಿಲ್ಲ. ದ್ಯಾಮವ್ವನಿಗೆ ಇತ್ತು.

ಯಾವಾಗ ಬಂತು, ಎಲ್ಲಿಂದ ಬಂತು, ಅವಳಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಾಗಲಿಲ್ಲ. ಅವಳು ತನ್ನ ತಾಟನ್ನು ತಾನೇ ಬೇರೆ ಇಟ್ಟುಕೊಂಡು ಬಾಗಿಲ ಬಳಿ ಕೂತಳು. ನನ್ನ ಹಗ್ಗ ಮುಟ್ಟಲಿಲ್ಲ. ಒಳಗೆ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಕೂಸು ಎದ್ದು ಅತ್ತಿತು.

“ಅತ್ತಿ, ತೂಗ್ರಿ.”

“ನನ್ನ ಕೈ ಬ್ಯಾಡವಾ.”

“ಕೈಯಿಂದ ಬರೂದಿಲ್ರಿ. ಡಾಕ್ಟರ್‌ಬಾಯಾರು ಹೇಳಿದ್ದು ನೀವೂ ಕೇಳೀರಿ.”

ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ನಿನಗ ಎಂಥಾ ಮಾತು ಅಂದೆ...”

“ಅಂದ್ರಿ,” ಎಂದಳು ಕಸ್ತೂರಿ. “ಈಗ ಕೂಸು ಅಳಾಕತ್ತೈತಿ. ತೂಗ್ರಿ.”

ದ್ಯಾಮವ್ವ ಎದ್ದು ಬಂದು ಹಗ್ಗ ಹಿಡಿದಳು. ನಾನು ಮೆಲ್ಲಗೆ ತೂಗಿದೆ.

ಶೇಖಪ್ಪ ಲಸಿಕೆ ಹಾಕಿಸಿಕೊಂಡ. ಹೆಂಡತಿಯ ಮುಂದೆ ತಲೆಯೆತ್ತಿ ಮಾತಾಡಲು ಅವನಿಗೆ ಬಹಳ ದಿನ ಬೇಕಾಯಿತು. ಅತ್ತೆ ಸೊಸೆ ಜೊತೆಗೇ ತಪಾಸಣೆಗೆ ಹೋಗತೊಡಗಿದರು. ಕೂಸಿಗೆ ವರ್ಷ ತುಂಬಿದಾಗ ಪರೀಕ್ಷೆ ಮಾಡಿಸಿದರು. ಸೋಂಕಿರಲಿಲ್ಲ.

ಆಮೇಲೆ ನಾನು ಬೇರೆ ಮನೆಗೆ ಹೋದೆ. ಪಕ್ಕದ ಓಣಿಯ ಒಬ್ಬ ಬಸುರಿಗೂ ಇದೇ ಸೋಂಕು ಎಂದು ತಿಳಿದು ಕಸ್ತೂರಿ ಅತ್ತೆಯನ್ನು ಜೊತೆಗೆ ಕರೆದುಕೊಂಡು ನನ್ನನ್ನು ಅಲ್ಲಿಗೆ ಒಯ್ದಳು. ಆ ಮನೆಯವರು ನನ್ನನ್ನು ಅಂಗಳದಲ್ಲೇ ಇಳಿಸಿಕೊಂಡರು. ಕಸ್ತೂರಿ ಬಿಡಿಸಿ ಹೇಳುತ್ತಿದ್ದರೂ ಬಸುರಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತೇ ಇದ್ದಳು. ಕೊನೆಗೆ ದ್ಯಾಮವ್ವ ಒಬ್ಬಳಿಗೇ ಚಹಾ ತಂದಳು.

“ನನಗೂ ಅದೈತ್ರಿ,” ಎಂದಳು ದ್ಯಾಮವ್ವ. “ಇಬ್ಬರಿಗೂ ಕೊಡ್ರಿ.”

ಆ ಹೆಂಗಸು ಒಳಗೆ ಹೋಗಿ ಇನ್ನೊಂದು ಲೋಟ ತಂದಳು. ನನ್ನನ್ನು ಒಳಗೆ ತೂಗುಹಾಕಿದರು.

ಹಾಗೆ ಹಲವು ಮನೆ ಕಂಡೆ. ಈಗ ಬಣ್ಣ ಹೋಗಿದೆ, ತಳ ಬಿರಿದಿದೆ. ಕಸ್ತೂರಿಯ ಮನೆಯ ಮೂಲೆಯಲ್ಲಿ ಗೋಡೆಗೆ ಒರಗಿದ್ದೇನೆ. ಅವಳನ್ನು ಹುಡುಕಿಕೊಂಡು ಹೊಸ ಬಾಣಂತಿಯರು ಬರುತ್ತಾರೆ. ದನಿ ತಗ್ಗಿಸಿ ಕೇಳುತ್ತಾರೆ, “ಕೂಸಿಗೆ ಹಾಲು ಕುಡಿಸಬಹುದೇನ್ರಿ ಅಕ್ಕಾ?” ಅವಳು “ಮೊದಲು ಕುಡಸು, ಆಮೇಲೆ ಮಾತಾಡೋಣು” ಅನ್ನುತ್ತಾಳೆ.

ಮುಪ್ಪಿನಲ್ಲಿ ನೆಮ್ಮದಿಯಿರಬೇಕಿತ್ತು. ನನಗಿಲ್ಲ. ಇನ್ನೂ ಇಲ್ಲಿಗೆ ಬಾರದ ತಾಯಂದಿರದೇ ನನಗೆ ಚಿಂತೆ.