ನಡೆಯದ ಮೂರು ಸಾಲು

ಪುರಾತತ್ವ ಕಚೇರಿಯಲ್ಲಿ ಅವಳಿಗೆ ಹದ್ದಿನ ಕಣ್ಣು ಎಂದೇ ಹೆಸರು. ಗೋದಾಮೋ ರಸ್ತೆಯೋ ಬರುವ ಜಾಗದಲ್ಲಿ ಮೊದಲು ಅವಳು ಹತ್ತು ಹೆಜ್ಜೆಗೊಂದು ಸಾಲಿನಂತೆ ತಲೆ ತಗ್ಗಿಸಿ ನಡೆಯಬೇಕು; ಆದಿಮಾನವರ ಕಲ್ಲಿನ ಆಯುಧ, ಬೂದಿ, ಮೂಳೆ ಕಂಡರೆ ಬರೆಯಬೇಕು. 'ಏನೂ ಇಲ್ಲ' ಎಂದು ಅವಳು ಸಹಿ ಹಾಕಿದ ಮೇಲೆಯೇ ಯಂತ್ರ ಇಳಿಯುವುದು. "ಬೆಟ್ಟ ಅಗೆದು ಇಲಿ ಹಿಡಿಯೋರು ನೀವು" ಎಂದು ಗುತ್ತಿಗೆದಾರರು ಚುಡಾಯಿಸಿದರೆ, "ಇಲಿ ಅಲ್ಲ, ನಿಮ್ಮ ಮುತ್ತಜ್ಜನ ಮುತ್ತಜ್ಜ" ಎನ್ನುತ್ತಿದ್ದಳು.

ಆ ಬುಧವಾರ ಜೆಸಿಬಿ ಡ್ರೈವರ್ ಕಚೇರಿಗೇ ಬಂದು, ಊಟದ ಡಬ್ಬಿಯಿಂದ ಕಲ್ಲೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅಂಗೈಯಗಲದ ಕೈಗೊಡಲಿ, ಅಂಚು ಇನ್ನೂ ಚೂಪಾಗಿತ್ತು.

"ಅಕ್ಕಾ, ಹೊಸ ಗೋದಾಮಿನ ಜಾಗದ್ದು. ಹಳ್ಳದ ಕಡೆ ಇಂಥವು ರಾಶಿ ಬಿದ್ದಿವೆ, ಕೆಳಗೆ ಬೂದಿನೂ ಇದೆ. ಊಟಕ್ಕೆ ಅಂತ ಗಾಡಿ ನಿಲ್ಲಿಸಿ ಬಂದೆ. ನೀವು ನೋಡಿದ ಜಾಗ ಅಲ್ವಾ, ನಾನೇ ತಪ್ಪು ತಿಳಿದಿರಬೇಕು."

ಹಳ್ಳದ ಕಡೆಯ ಕೊನೆಯ ಮೂರು ಸಾಲುಗಳನ್ನು ಅವಳು ನಡೆದೇ ಇರಲಿಲ್ಲ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳೆಂದು ಆ ಜಾಗ ನೋಡುತ್ತಿದ್ದ ದಿನ ಮಧ್ಯಾಹ್ನ ತಂಗಿ ಫೋನ್ ಮಾಡಿದ್ದಳು. ಬಿಟ್ಟು ಓಡಿದವಳು ಮತ್ತೆ ಹೋಗಲಿಲ್ಲ. ಮೂವತ್ತೇಳು ಸಾಲಿನಲ್ಲಿ ಇಲ್ಲದ್ದು ಮೂರರಲ್ಲಿ ಇದ್ದೀತೇ ಎಂದುಕೊಂಡು 'ಪೂರ್ತಿ ನಡೆಯಲಾಗಿದೆ' ಎಂದು ಬರೆದುಬಿಟ್ಟಿದ್ದಳು. ಆ ಜನ ನೀರಿನ ಪಕ್ಕವಲ್ಲದೆ ಇನ್ನೆಲ್ಲಿ ಒಲೆ ಹೂಡುತ್ತಾರೆ ಎಂದು ಹೊಸಬರಿಗೆ ಪಾಠ ಹೇಳುವವಳೂ ಅವಳೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಚಿಕೆಯಿಂದ ಅವಳಿಗೆ ಡ್ರೈವರನ ಮುಖ ನೋಡಲಾಗಲಿಲ್ಲ.

ಅವಳು ಹೇಳಿದ್ದನ್ನೆಲ್ಲ ಸಾಹೇಬರು ಬಾಗಿಲು ಹಾಕಿಕೊಂಡು ಕೇಳಿಸಿಕೊಂಡರು. ಕಲ್ಲು ಈಗ ಹೊಸದಾಗಿ ಸಿಕ್ಕಿತೆಂದು ಬರೆದರೆ ತನಿಖೆಗೇ ಹದಿನೈದು ದಿನ, ಕೆಲಸ ನಿಲ್ಲುವುದಿಲ್ಲ, ಅಷ್ಟರಲ್ಲಿ ಸಿಮೆಂಟ್ ಬಿದ್ದಿರುತ್ತದೆ. ವರದಿ ಸುಳ್ಳೆಂದು ಬರೆದವಳೇ ಒಪ್ಪಿಕೊಂಡರೆ ಮಾತ್ರ ಕೆಲಸ ಅಂದೇ ನಿಲ್ಲುತ್ತದೆ.

"ಬರೆದು ಕೊಡ್ತೀನಿ ಸಾರ್. ಕೆಲಸ ಹೋದ್ರೆ ಹೋಗ್ಲಿ."

"ಕೆಲಸದ ಮಾತು ಹಾಗಿರ್ಲಿ ತಾಯಿ. ನೀನು ಹುಡುಕಿದ ಆ ಗುಹೆ ಇರೋ ಗುಡ್ಡ ಉಳಿದಿರೋದು ಯಾರ ಸಹಿ ಮೇಲೆ? ಕಲ್ಲುಗಣಿಯವರು ಮೂರು ವರ್ಷದಿಂದ ಬಾಯಿ ಬಿಟ್ಕೊಂಡು ಕಾಯ್ತಿದಾರೆ. ಈ ವರದಿ ಸುಳ್ಳು ಅಂದ್ರೆ ಆ ವರದಿನೂ ಸುಳ್ಳು ಅಂತಾರೆ."

ಇದು ಅವಳಿಗೆ ಹೊಳೆದಿರಲಿಲ್ಲ. ಆ ಗುಹೆಯನ್ನು ಹುಡುಕಲು ಎಂಟು ದಿನ ಮುಳ್ಳಿನಲ್ಲಿ ತೆವಳಿದ್ದಳು. ಒಳಗೆ ಗೋಡೆಯ ಮೇಲೆ ಕೆಮ್ಮಣ್ಣಿನ ಅಂಗೈ ಗುರುತುಗಳಿದ್ದವು, ಮಕ್ಕಳವೂ ಇದ್ದವು. ಅವನ್ನು ನೋಡಿ ಅಲ್ಲೇ ಕೂತು ಅತ್ತಿದ್ದಳು. ಅತ್ತ ದರಿ, ಇತ್ತ ಪುಲಿ. ಯಾವುದನ್ನು ಬಿಡುವುದು?

ಅಷ್ಟರಲ್ಲಿ ಡ್ರೈವರ್ ಬಾಗಿಲು ತಟ್ಟಿದ. "ಅಕ್ಕಾ, ಮೇಸ್ತ್ರಿ ಫೋನ್ ಮೇಲೆ ಫೋನ್ ಮಾಡ್ತಿದಾರೆ. ನಾನು ಹೋಗದಿದ್ರೆ ಬೇರೆಯವನನ್ನ ಗಾಡಿ ಹತ್ತಿಸ್ತಾರಂತೆ. ಏನು ಹೇಳ್ಲಿ?"

"ನಿಲ್ಲಿಸಿ ಅಂತ ಹೇಳಪ್ಪ" ಎಂದು ಅವಳು ಕಾಗದ ಎಳೆದುಕೊಂಡಳು.

ಕೆಲಸ ನಿಂತಿತು. ಹಳ್ಳದ ಪಕ್ಕ ಹನ್ನೊಂದು ಒಲೆಗಳು ಸಿಕ್ಕಿವೆಯೆಂದು ಬೇರೆಯವರು ಹೇಳಿ ಅವಳಿಗೆ ತಿಳಿಯಿತು. ಆರನೆಯ ದಿನ ಸಾಹೇಬರು ಒಂದು ಅರ್ಜಿಯನ್ನು ಅವಳ ಮುಂದೆ ಸರಿಸಿದರು. ಕಲ್ಲುಗಣಿಯವರದು, ಗುಡ್ಡವನ್ನು ಮತ್ತೆ ಪರೀಕ್ಷಿಸಬೇಕಂತೆ.

"ಯಾರು ನಡೀತಾರೆ ಸಾರ್?"

"ಅವರೇ ಯಾರನ್ನೋ ಗೊತ್ತು ಮಾಡಿದಾರೆ. ನೀನು ಆ ಕಡೆ ಸುಳಿಯೋ ಹಾಗಿಲ್ಲ."

ಅರ್ಜಿಗೆ ಅವಳ ತಪ್ಪೊಪ್ಪಿಗೆ ಪತ್ರದ ನಕಲನ್ನು ಲಗತ್ತಿಸಿದ್ದರು. ಅವಳು ಅದನ್ನು ಮೊದಲಿನಿಂದ ಓದಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.