ಎಂಟಕ್ಷರದ ಮಾಪಕ

ಬೆಟ್ಟದ ಬಿರುಕಿನ ಮೇಲೆ ಜಾರಿಕೆ ಅಳೆಯುವ ಹನ್ನೊಂದು ಮಾಪಕಗಳಿದ್ದವು. ಹನ್ನೊಂದನೆಯದಾದ ನೂರ್ಡ್‌ಸ್ಕಾರ್ ಎಂಬುದನ್ನು ಹಿಂದಿನ ದಿನವಷ್ಟೇ ಭೂವಿಜ್ಞಾನಿ ಊಡ್‌ವಾರ್ ನೆಟ್ಟು ಬಂದಿದ್ದ. ಬೆಳಿಗ್ಗೆ ನನ್ನ ಪರದೆಯಲ್ಲಿ ಕಾಣಿಸಿದ್ದು ಹತ್ತೇ. ಕೆಳಗೆ, ಬೆಟ್ಟಗಳ ನಡುವೆ ಒಳಚಾಚಿದ ಕಡಲಾದ ಫ್ಯೋರ್ಡಿನ ದಡದಲ್ಲಿ ಆರು ಮನೆಗಳಿವೆ. ಅವನ್ನು ತೆರವು ಮಾಡಿಸಬೇಕೇ ಎಂಬುದು ಮಧ್ಯಾಹ್ನದೊಳಗೆ ತೀರ್ಮಾನವಾಗಬೇಕಿತ್ತು.

"ಹತ್ತೂ ಸುಮ್ನಿವೆ. ನನ್ನ ನೂರ್ಡ್‌ಸ್ಕಾರ್ ಎಲ್ಲೋಯ್ತು?" ಎಂದ ಊಡ್‌ವಾರ್.

"ಬ್ಯಾಟರಿ ಸತ್ತಿರ್ಬೇಕು."

"ನಿನ್ನೆ ಹಾಕಿದ ಬ್ಯಾಟರಿ ಕಣೆ ಇಂಗೆಲಿನ್! ಬೆಟ್ಟ ಹತ್ತಿದ್ದಕ್ಕೆ ಮಂಡಿ ಇನ್ನೂ ಬೈತಿದೆ. ನಿನ್ನ ಪ್ರೋಗ್ರಾಂ ನೋಡು."

ಮಾಪಕ ಕಳಿಸುವ ಪ್ರತಿ ಕಡತದ ತಲೆಭಾಗವಾದ ಹೆಡರಿನಲ್ಲಿ ಮೊದಲ ಎಂಟು ಬೈಟುಗಳು, ಅಕ್ಷರಕ್ಕೊಂದರಂತೆ, ಮಾಪಕದ ಹೆಸರಿಗೆ ಮೀಸಲು. ಹೆಸರು ಚಿಕ್ಕದಾದರೆ ಉಳಿದ ಜಾಗದಲ್ಲಿ ಸೊನ್ನೆ ಇರುತ್ತದೆ. ನಾನು ಪ್ರೋಗ್ರಾಂ ಬರೆದ ಸಿ ಭಾಷೆಗೆ ಆ ಸೊನ್ನೆಯೇ ಹೆಸರಿನ ಕೊನೆ. ನಮ್ಮ ರೋಮನ್ ಲಿಪಿಯಲ್ಲಿ ನೂರ್ಡ್‌ಸ್ಕಾರ್‌ಗೆ ಸರಿಯಾಗಿ ಎಂಟು ಅಕ್ಷರ. ಸೊನ್ನೆಗೆ ಜಾಗವೇ ಇರಲಿಲ್ಲ.

ನಾನು ಹೆಸರಿನ ನಕಲಿಗೆ ಸ್ಟ್ರ್‌ಎನ್‌ಕಾಪಿ ಎಂಬ ಆಜ್ಞೆ ಬಳಸಿದ್ದೆ. ಅದು ಎಂಟನ್ನು ಮೀರುವುದಿಲ್ಲ, ಆದ್ದರಿಂದ ಸುರಕ್ಷಿತವೆಂದು ನಂಬಿದ್ದೆ. ಎಂಟೂ ತುಂಬಿದಾಗ ಅದು ಸೊನ್ನೆಯನ್ನು ಇಡುವುದೇ ಇಲ್ಲ. ಪ್ರೋಗ್ರಾಂ ಓದುತ್ತಾ ಹೆಸರನ್ನು ದಾಟಿ ಪಕ್ಕದ ಮೆಮೊರಿಯಲ್ಲಿದ್ದ ಕಸವನ್ನೂ ಸೇರಿಸಿಕೊಂಡಿತ್ತು. ಅಂಥ ಹೆಸರು ಪಟ್ಟಿಯಲ್ಲಿಲ್ಲದ ಕಾರಣ ಬೆಳಿಗ್ಗೆ ಆರು ಗಂಟೆಯಿಂದ ಬಂದ ಅಳತೆಗಳೆಲ್ಲ 'ಅಪರಿಚಿತ' ಕಡತಕ್ಕೆ ಬಿದ್ದಿದ್ದವು. ನಾನು ಪರೀಕ್ಷಿಸಿದ್ದು ಚಿಕ್ಕ ಹೆಸರುಗಳನ್ನು ಮಾತ್ರ.

ಒಂಬತ್ತು ಬೈಟುಗಳ ಜಾಗ ಮಾಡಿ, ಎಂಟನ್ನು ನಕಲಿಸಿ, ಒಂಬತ್ತನೆಯದರಲ್ಲಿ ನಾನೇ ಸೊನ್ನೆ ಬರೆದೆ.

"ಬೇಗ ಕೊಡು!"

"ತುಂಬಿದ ಹೆಸರು, ಖಾಲಿ ಹೆಸರು, ಎರಡನ್ನೂ ಪರೀಕ್ಷೆ ಮಾಡ್ದೆ ಕೊಡಲ್ಲ. ಹೋದ್ಸಲ ಹಾಗೇ ಕೊಟ್ಟಿದ್ದೆ."

ನಾಲ್ಕು ನಿಮಿಷಗಳ ನಂತರ 'ಅಪರಿಚಿತ' ಕಡತದ ಅಳತೆಗಳಿಂದ ಪರದೆಯಲ್ಲಿ ಹನ್ನೊಂದನೆಯ ಗೆರೆ ಮೂಡಿತು. ಬೆಳಗಿನಿಂದ ಒಂಬತ್ತು ಸೆಂಟಿಮೀಟರ್ ಜಾರಿಕೆ. ಊಡ್‌ವಾರ್ ಫೋನನ್ನು ನನ್ನ ಕಡೆ ತಳ್ಳಿ, ತಾನು ದೋಣಿಯವರನ್ನು ಕರೆಯಲು ಹೋದ.

ಮೊದಲ ಮನೆ ಗುನ್‌ವೋರ್ ಅಜ್ಜಿಯದು.

"ಹೋದ ವರ್ಷ ಎರಡ್ಸಲ ಓಡಿಸಿದ್ರಿ, ಬೆಟ್ಟ ಅಲ್ಲೇ ಕೂತು ನಗ್ತಿತ್ತು. ಈ ಸಲ ಖಾತ್ರಿನಾ ಮಗಳೇ?"

"ಖಾತ್ರಿ ಇಲ್ಲಜ್ಜಿ. ಆದ್ರೆ ಜಾರ್ತಿದೆ. ಬೆಳಿಗ್ಗೇನೇ ಹೇಳ್ಬೇಕಿತ್ತು, ನನ್ನ ತಪ್ಪಿಂದ ತಡ ಆಯ್ತು."



"ತಪ್ಪು ಒಪ್ಕೊಂಡು ಫೋನ್ ಮಾಡಿದವ್ರಲ್ಲಿ ನೀನೇ ಮೊದಲು. ಬರ್ತೀನಿ. ದೋಣೀಲಿ ಆಡುಗಳಿಗೂ ಜಾಗ ಇರ್ಲಿ."

ಉಳಿದ ಐದು ಮನೆಗಳಿಗೂ ಅದನ್ನೇ, ಅದೇ ತಪ್ಪೊಪ್ಪಿಗೆಯೊಂದಿಗೆ ಹೇಳಿದೆ. ಎರಡು ಗಂಟೆಗೆ ಎಲ್ಲರೂ ದೋಣಿ ಹತ್ತಿದರೆಂದು ಸುದ್ದಿ ಬಂತು. ಗೆರೆ ಇನ್ನೂ ಏರುತ್ತಲೇ ಇತ್ತು.