ತೆಯೋಫಿಲ್ ತಾತನ ಬ್ರೇಕಿಲ್ಲದ ಗಾಡಿ

ಬುಧವಾರ ಬೆಳಿಗ್ಗೆ ತೆಯೋಫಿಲ್ ತಾತ ನನ್ನ ಬಾಗಿಲು ತಟ್ಟಿದಾಗ ಅವರ ತಲೆಯ ಮೇಲೆ ಆಗಲೇ ಹೆಲ್ಮೆಟ್ ಇತ್ತು. ಕಿವಿಗಳ ಮೇಲೆ ಚರ್ಮದ ಪಟ್ಟಿ ಇಳಿಬಿದ್ದ ಹಳೆಯ ಕಾಲದ್ದು.

“ಕಾರು ತೆಗಿ,” ಎಂದರು.

“ಎಲ್ಲಿಗೆ ತಾತ?”

“ನನ್ನ ಗಾಡಿ ಹುಡುಕೋಕೆ. ನಾಲ್ಕೇ ದಿನ ಇರೋದು.”

ತಾತ ನನ್ನ ಗಂಡ ಸೆವೆರಿನ್‌ನ ತಾಯಿಯ ತಂದೆ. ಎಂಬತ್ತೊಂದು ವರ್ಷ. ಸೆವೆರಿನ್ ತೀರಿಕೊಂಡು ಹತ್ತೊಂಬತ್ತು ತಿಂಗಳಾಗಿತ್ತು. ಅವನ ಕಾರು ನನ್ನ ಬಳಿ ಇತ್ತು. ಯಾರು ಎಲ್ಲಿಗೆ ಕರೆದರೂ ಹೋಗುತ್ತಿದ್ದೆ. ಬೇಡ ಅನ್ನುವುದಕ್ಕೂ ಮನಸ್ಸು ಬೇಕು.

ಭಾನುವಾರ ನಮ್ಮೂರ ಸ್ಪೀಡ್‌ವೇ ಮೈದಾನಕ್ಕೆ, ದುಂಡಗಿನ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಓಟ ನಡೆಯುವ ಜಾಗಕ್ಕೆ, ಎಪ್ಪತ್ತು ವರ್ಷ ತುಂಬುತ್ತಿತ್ತು. ಪಂದ್ಯಕ್ಕೆ ಮೊದಲು ಹಳೆಯ ಸವಾರರು ಒಂದೊಂದು ಸುತ್ತು ಬರಬಹುದು ಎಂದು ಕ್ಲಬ್ಬಿನಿಂದ ಪತ್ರ ಬಂದಿತ್ತು. ಷರತ್ತು ಒಂದೇ: ಅಂದು ಓಡಿಸಿದ ಗಾಡಿಯನ್ನೇ ತರಬೇಕು. ಗಾಡಿ ಇಲ್ಲದವರನ್ನು ತೆರೆದ ಕಾರಿನಲ್ಲಿ ಕೂರಿಸಿ ಮೆರೆಸುತ್ತಾರೆ. ಅರವತ್ತನಾಲ್ಕನೇ ಇಸವಿಯ ನಮ್ಮೂರ ತಂಡದಲ್ಲಿ ಉಳಿದವರು ತಾತ ಒಬ್ಬರೇ.

“ಕಾರಲ್ಲಿ ಕೂತು ಕೈ ಬೀಸೋಕೆ ನಾನೇನು ಬಿಷಪ್ಪಾ?” ಎಂದರು ತಾತ.

ಅವರ ಹಿಂದೆಯೇ ನನ್ನ ಅತ್ತೆ ಹೊನೊರಾತಾ ಮೆಟ್ಟಿಲು ಹತ್ತಿ ಬಂದರು. ಏದುಸಿರು, ಕೈಯಲ್ಲಿ ತಾತನ ಮಫ್ಲರ್.

“ಅಪ್ಪ, ಸೊಂಟದಲ್ಲಿ ಟೈಟಾನಿಯಂ ಇದೆ ನಿಮಗೆ!”

“ಅದಕ್ಕೇ ಹೇಳ್ತಿರೋದು. ಗಾಡಿಗಿಂತ ಒಳ್ಳೇ ಲೋಹ ನನ್ನೊಳಗಿದೆ.”

“ಬೊಗ್ನಾ, ನೀನಾದ್ರೂ ಹೇಳೇ.”

ನಾನು ಕೋಟು ಹಾಕಿಕೊಂಡೆ. ಅತ್ತೆ ನನ್ನನ್ನೇ ನೋಡಿದರು. ಆಮೇಲೆ ತಾತನ ಕತ್ತಿಗೆ ಮಫ್ಲರ್ ಸುತ್ತಿ, ಬೇಕಾದ್ದಕ್ಕಿಂತ ಬಿಗಿಯಾಗಿಯೇ ಗಂಟು ಹಾಕಿದರು. “ಒಂದು ಸುತ್ತು. ಕೇಳಿಸ್ತಾ? ಎರಡನೇದಕ್ಕೆ ಹೊರಟ್ರೆ ನಾನೇ ಟ್ರ್ಯಾಕಿಗೆ ಅಡ್ಡ ಮಲಗ್ತೀನಿ.”

“ಗಾಡಿ ಸಿಕ್ಕಿದ್ಮೇಲೆ ಮಲ್ಗುವಂತೆ,” ಎಂದರು ತಾತ.

ಗಾಡಿ ಎಂದರೆ ಎಸೋ. ಚೆಕ್ ದೇಶದ ಓಟದ ಬೈಕು, ಐನೂರು ಸಿಸಿ. ಗೇರು ಒಂದೇ, ಬ್ರೇಕು ಇಲ್ಲ. ಅರವತ್ತೇಳರಲ್ಲಿ ತಾತ ಅದನ್ನು ಚರ್ಚಿನ ಆರ್ಗನ್ ವಾದಕನಿಗೆ ಕೊಟ್ಟು ಬಟ್ಟೆ ಒಗೆಯುವ ಯಂತ್ರ ತಂದಿದ್ದರು. “ಇವಳಿಗೇ, ಈ ಹೊನೊರಾತಾಗೇ. ಕೂಸಿದ್ದಾಗ ದಿನಕ್ಕೆ ಹನ್ನೆರಡು ಬಟ್ಟೆ ಒದ್ದೆ ಮಾಡ್ತಿದ್ಲು. ಈಗ ನಂಗೇ ಬುದ್ಧಿ ಹೇಳ್ತಾಳೆ.”

ಆರ್ಗನ್ ವಾದಕ ಎಂದೋ ಸತ್ತಿದ್ದ. ಅವನ ಮಗಳಿಗೆ ನೆನಪಿತ್ತು: ಪೆಂಪೊವೊ ಹಳ್ಳಿಯ ಕಡೆಯ ಒಬ್ಬ ಜೇನು ಸಾಕುವವನಿಗೆ, ಎರಡು ಜೇನುಪೆಟ್ಟಿಗೆಗೆ ಬದಲಾಗಿ ಕೊಟ್ಟನಂತೆ. ಹೆಸರು ಬೊನಿಫಾತ್ಸಿ. ಅಷ್ಟು ಸಾಕಾಯಿತು ನಮಗೆ.

ದಾರಿ ಗೊತ್ತು ಎಂದರು ತಾತ. ನಕ್ಷೆ ಮಡಿಲಲ್ಲಿಟ್ಟುಕೊಂಡು ಪ್ರತಿ ಕವಲಿನಲ್ಲೂ “ಎಡಕ್ಕೆ” ಎನ್ನುತ್ತಿದ್ದರು. ನಾನು ಎಡಕ್ಕೆ ತಿರುಗಿಸುತ್ತಿದ್ದೆ. ಬೀಟ್ ಹೊಲ, ಗಾಳಿಯಂತ್ರ, ದಾರಿಬದಿಯ ಶಿಲುಬೆ. ಮತ್ತೆ ಬೀಟ್ ಹೊಲ, ಗಾಳಿಯಂತ್ರ, ಶಿಲುಬೆ. ಮೂರನೆಯ ಸಲ ಶಿಲುಬೆಯ ಬುಡದಲ್ಲಿ ಹೂ ಜೋಡಿಸುತ್ತಿದ್ದ ಹೆಂಗಸು ನಮಗೆ ಕೈ ಬೀಸಿದಳು.

“ತಾತ, ಬಲಕ್ಕೆ ತಿರುಗೋದೇ ಇಲ್ವಾ ನಾವು?”

“ಬಲಕ್ಕಾ?” ತಾತ ಯೋಚಿಸಿದರು. “ಟ್ರ್ಯಾಕಲ್ಲಿ ಎಲ್ಲಾ ತಿರುವೂ ಎಡಕ್ಕೇ. ಒಂಬತ್ತು ವರ್ಷ ಓಡ್ಸಿದೀನಿ, ಒಂದು ಸಲಾನೂ ಬಲಕ್ಕೆ ತಿರುಗಿಲ್ಲ ಕಣಮ್ಮ.”

ನಾಲ್ಕನೆಯ ಸಲ ನಾನೇ ಬಲಕ್ಕೆ ತಿರುಗಿಸಿದೆ. ತಾತ ಬಾಗಿಲ ಹಿಡಿಕೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ನನಗೆ ಗಂಟಲಲ್ಲಿ ಏನೋ ಕಚಗುಳಿಯಾಯಿತು. ಕೆಮ್ಮು ಎಂದುಕೊಂಡೆ.

ಬೊನಿಫಾತ್ಸಿಯ ಮನೆಯಲ್ಲಿ ಬೊನಿಫಾತ್ಸಿ ಇರಲಿಲ್ಲ. ಅವನ ಹೆಂಡತಿ ಝೀತಾ ಇದ್ದರು. ಎಪ್ಪತ್ತರ ಹತ್ತಿರ, ಗಟ್ಟಿ ಆಳು, ಏಪ್ರನ್ ಮೇಲೆಲ್ಲ ಜೇನುಮೇಣ. ಅಂಗಳದಲ್ಲಿ ಜೇನು ಮಾರುವ ಮೇಜು. ಅದರ ಪಕ್ಕ ಒಂದು ಚಪ್ಪರ. ಚಪ್ಪರದ ಕೆಳಗೆ, ತೊಳೆದ ತಟ್ಟೆಯ ಹಾಗೆ ಹೊಳೆಯುತ್ತ, ಎಸೋ.

ತಾತ ಹೆಲ್ಮೆಟ್ ತೆಗೆದು ಎದೆಗೆ ಒತ್ತಿಕೊಂಡರು. ಒಂದು ಹೆಜ್ಜೆ ಮುಂದಿಟ್ಟರು. ಆಗ ಅದರ ಮೇಲಿನ ಹಲಗೆ ಕಣ್ಣಿಗೆ ಬಿತ್ತು. ಬಣ್ಣದಲ್ಲಿ ಸೊಗಸಾಗಿ ಬರೆದಿತ್ತು: “ಜಿಲ್ಲೆಯ ವೀರ ಕೋಸ್ಮಾ ವಿಯೆಚೋರೆಕ್ ಓಡಿಸಿದ ಮೋಟಾರು.”

“ಕೋಸ್ಮಾ?” ತಾತನ ಧ್ವನಿ ಸೀಳಿತು. “ಕೋಸ್ಮಾನಾ? ನೇರ ದಾರೀಲೇ ಉರುಳಿ ಬೀಳ್ತಿದ್ದ ಕೋಸ್ಮಾನಾ?”

“ಯಾರಪ್ಪ ನೀನು, ಸತ್ತವರನ್ನ ಬೈಯೋನು?” ಎಂದರು ಝೀತಾ.

“ಈ ಗಾಡಿ ಓಡಿಸ್ದೋನು.”

“ಹಾಗಂತ ವರ್ಷಕ್ಕೆ ಮೂರು ಜನ ಬರ್ತಾರೆ. ಜೇನು ತಗೊಂಡು ಹೋಗ್ತಾರೆ. ನಿನಗೆ ಯಾವುದು ಬೇಕು, ನಿಂಬೆಹೂವಿಂದಾ, ಅಕೇಶಿಯಾದ್ದಾ?”

ತಾತ ಗಾಡಿಯ ಬಲಗಡೆ ಹೋಗಿ ಬಗ್ಗಿದರು. ಕಾಲಿಡುವ ಜಾಗದಲ್ಲಿ ಕುದುರೆ ಲಾಳದ ಒಂದು ತುಂಡನ್ನು ಬೆಸೆದಿದ್ದರು.

“ಇದೇನು ಹೇಳಿ ನೋಡೋಣ.”

“ಲಾಳ. ಅದೃಷ್ಟಕ್ಕೆ ಅಂತ ನಮ್ಮನೆಯೋರು ಹೇಳ್ತಿದ್ರು.”

“ಅದೃಷ್ಟನೂ ಇಲ್ಲ ಗಿದೃಷ್ಟನೂ ಇಲ್ಲ. ನನ್ನ ಬಲಗಾಲು ಎರಡು ಬೆರಳಷ್ಟು ಗಿಡ್ಡ. ಐದು ವರ್ಷದೋನಿದ್ದಾಗ ಕುದುರೆ ಗಾಡಿ ಚಕ್ರ ಹತ್ತಿತ್ತು. ಅದಕ್ಕೇ ಕಮ್ಮಾರನ ಹತ್ರ ಎತ್ತರ ಮಾಡ್ಸಿದ್ದು.”

“ಕೋಸ್ಮಾನ ಕಾಲೂ ಗಿಡ್ಡ ಇತ್ತೇನೋ.”

“ಅವನದು ತಲೆ ಗಿಡ್ಡ ಇದ್ದಿದ್ದು! ಬೊಗ್ನಾ, ಹತ್ತಿ ಕೂತ್ಕೋ.”

ನಾನು ಹತ್ತಿ ಕೂತೆ. ಬಲ ಮಂಡಿ ಹ್ಯಾಂಡಲ್‌ಗೆ ಬಡಿಯಿತು. ಝೀತಾ ನನ್ನನ್ನು ಇಳಿಸಿ, ಏಪ್ರನ್ ಎತ್ತಿ ಕಟ್ಟಿ, ತಾವೇ ಹತ್ತಿದರು. ಅವರದೂ ಬಡಿಯಿತು. “ಅಯ್ಯಯ್ಯೋ,” ಎಂದು ಮಂಡಿ ಉಜ್ಜಿಕೊಂಡರು. ಆಮೇಲೆ ತಾತ ಹತ್ತಿದರು. ಹತ್ತಲು ನಾವಿಬ್ಬರೂ ಹಿಂದಿನಿಂದ ನೂಕಬೇಕಾಯಿತು. ಆದರೆ ಬಲಗಾಲು ಲಾಳದ ಮೇಲೆ ಕೂತದ್ದು ಬೀಗಕ್ಕೆ ಕೀಲಿ ಕೂತ ಹಾಗೆ. ಮಂಡಿ ಹ್ಯಾಂಡಲಿನ ಕೆಳಗೆ ಸಲೀಸಾಗಿ ಸೇರಿಕೊಂಡಿತು. ತಾತನ ಬೆನ್ನು ಅದಾಗಿಯೇ ಮುಂದಕ್ಕೆ ಬಾಗಿತು, ಎಡಗಾಲು ನೆಲದ ಮೇಲೆ ಮುಂದೆ ಚಾಚಿತು. ನೋಡುತ್ತಿದ್ದಂತೆ ಇಪ್ಪತ್ತೆಂಟರ ಮನುಷ್ಯ ಅಲ್ಲಿ ಕೂತಿದ್ದ.

ಝೀತಾ ಒಳಗೆ ಹೋಗಿ ಏಣಿ ತಂದರು. ಹಲಗೆಯನ್ನು ಕಿತ್ತು ಗೋಡೆಗೆ ಒರಗಿಸಿದರು.

“ನಿನ್ನದೇ, ಒಪ್ಪಿದೆ,” ಎಂದರು. “ಆದ್ರೆ ಕಳ್ಸೋದಿಲ್ಲ.”

“ಭಾನುವಾರ ಒಂದೇ ದಿನಕ್ಕೆ!”

“ಒಂದು ಗಂಟೆಗೂ ಇಲ್ಲ.”

ತಾತ ಬೇಡಿದರು, ಬೈದರು, ಮತ್ತೆ ಬೇಡಿದರು. ಝೀತಾ ನನಗೆ ಬೇಯಿಸಿದ ಆಲೂಗಡ್ಡೆಯನ್ನೂ ಈರುಳ್ಳಿ ಬೆರೆಸಿದ ಮೆತ್ತನೆಯ ಚೀಸನ್ನೂ ಬಡಿಸಿದರು. ಬಡಿಸುವಾಗ ನನ್ನ ಎಡಗೈಯ ಉಂಗುರ ನೋಡಿದರು. ನಮ್ಮಲ್ಲಿ ಗಂಡ ಹೋದವರು ಮದುವೆಯ ಉಂಗುರವನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಳ್ಳುತ್ತಾರೆ.

“ಎಷ್ಟಾಯ್ತು?”

“ಹತ್ತೊಂಬತ್ತು ತಿಂಗಳು.”

“ನನಗೆ ಮೂರು ವರ್ಷ. ತಿನ್ನು.” ಆಮೇಲೆ ತಾತನಿಗೆ ಕೇಳದ ಹಾಗೆ ಹೇಳಿದರು: “ವರ್ಷಕ್ಕೊಂದ್ಸಲ, ತಮ್ಮ ಹೆಸರಿನ ಸಂತನ ಹಬ್ಬದ ದಿನ, ನಮ್ಮನೆಯೋರು ಆ ಗಾಡೀನ ಶುರು ಮಾಡ್ತಿದ್ರು. ಆ ಎಂಜಿನ್ನಿಗೆ ಹಾಕೋದು ಹರಳೆಣ್ಣೆ, ಗೊತ್ತಲ್ಲ. ಸುಟ್ಟ ಹರಳೆಣ್ಣೆ ವಾಸನೆ ಸಂಜೆವರೆಗೂ ಪರದೆಯಲ್ಲೆಲ್ಲ ನಿಂತಿರ್ತಿತ್ತು. ಬೈತಿದ್ದೆ. ಈಗ ಅದನ್ನ ಯಾರೋ ಎಲ್ಲೋ ಶುರು ಮಾಡಿ, ಯಾರದೋ ಮೂಗಿಗೆ... ಆಗೋದಿಲ್ಲಮ್ಮ ನಂಗೆ.”

ನಾನು ಬಹಳ ದಿನಗಳಿಂದ ಯಾರಿಗೂ ಏನೂ ಸಲಹೆ ಕೊಟ್ಟಿರಲಿಲ್ಲ.

“ನೀವೂ ಬನ್ನಿ,” ಎಂದೆ. “ಶುರು ಮಾಡುವಾಗ ಹಿಂದೆ ನಿಂತ್ಕೊಳ್ಳಿ. ಎಲ್ಲರಿಗಿಂತ ಮೊದಲು ನಿಮ್ಮ ಮೂಗಿಗೇ ಬರ್ಲಿ.”

ಝೀತಾ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. “ಯಾವ ಟೋಪಿ ಹಾಕ್ಕೊಳ್ಳೋದು ಅಲ್ಲಿಗೆ?” ಎಂದು ಕೇಳಿದರು.

ಜೇನುಪೆಟ್ಟಿಗೆ ಸಾಗಿಸುವ ಟ್ರೇಲರ್ ಮೇಲೆ ಎಸೋವನ್ನು ಹಾಸಿಗೆ ಸುತ್ತಿ ಕಟ್ಟಿದೆವು. ಟ್ರೇಲರ್ ಎಳೆಯಬೇಕಾದರೆ ಕಾರಿನ ಕ್ಲಚ್ಚನ್ನು ಪೂರ್ತಿ ಒತ್ತಬೇಕು. ಇಷ್ಟು ದಿನ ತುದಿಗಾಲಲ್ಲೇ ಒತ್ತುತ್ತಿದ್ದ ನನ್ನ ಕಾಲು ಅಷ್ಟು ದೂರ ಎಟುಕಲಿಲ್ಲ. ಸೀಟು ಇನ್ನೂ ಸೆವೆರಿನ್‌ನ ಅಳತೆಯಲ್ಲೇ ಇತ್ತು. ಮುಂದಕ್ಕೆ ಎಳೆದುಕೊಂಡೆ. ಕ್ಲಿಕ್ ಎಂದು ಸದ್ದಾಯಿತು, ಅಷ್ಟೇ.

“ಬಲಕ್ಕೆ,” ಎಂದರು ಹಿಂದಿನ ಸೀಟಿನಿಂದ ಝೀತಾ. ತಾತ ಕಣ್ಣು ಮುಚ್ಚಿದರು.

ಶುಕ್ರವಾರ, ಶನಿವಾರ ಕ್ಲಬ್ಬಿನ ಮೆಕ್ಯಾನಿಕ್ಕುಗಳು ಗಾಡಿಯ ಸುತ್ತ ನೆರೆದರು. ಕಾರ್ಬುರೇಟರ್ ತೊಳೆದರು, ಟೈರು ಬದಲಿಸಿದರು, ಟ್ಯಾಂಕಿಗೆ ಮೆಥನಾಲ್ ತುಂಬಿದರು. ಸ್ಪ್ಯಾನರ್ ಎತ್ತಿ ಕೊಡುವ ಕೆಲಸ ನನ್ನದಾಯಿತು. ಝೀತಾ ಎಲ್ಲರಿಗೂ ಜೇನುರೊಟ್ಟಿ ತಿನ್ನಿಸಿದರು. ಹಾಗಾಗಿ ಪ್ರತಿ ನಟ್ಟೂ ಅಂಟಂಟು.

ಭಾನುವಾರ ಮೈದಾನ ತುಂಬಿತ್ತು. ಸೂರ್ಯಕಾಂತಿ ಬೀಜದ ಸಿಪ್ಪೆ ಆಗಲೇ ಮೆಟ್ಟಿಲ ಮೇಲೆಲ್ಲ ಹಾಸಿತ್ತು. ಎಲ್ಲರ ತೊಡೆಯ ಮೇಲೂ ಅಂಕ ಬರೆಯುವ ಪಟ್ಟಿ, ಬಾಯಲ್ಲಿ ಪೆನ್ಸಿಲ್. ಬೇರೆ ಊರಿನ ಇಬ್ಬರು ಹಳೆಯ ಸವಾರರು ಮೊದಲು ಬಂದರು. ಒಂದು ಸುತ್ತು ಮೆಲ್ಲಗೆ ಬಂದು, ಕೈಯೆತ್ತಿ, ತಾವಾಗಿಯೇ ಗೇಟಿನೊಳಗೆ ತಿರುಗಿದರು. ಚಪ್ಪಾಳೆ.

ಆಮೇಲೆ ತಾತ. ತಂಡದ ಇಬ್ಬರು ಸವಾರರು ಹಿಂದಿನಿಂದ ನೂಕಿದರು. ಎಂಜಿನ್ ಕೆಮ್ಮಿ ಸುಮ್ಮನಾಯಿತು. ಎರಡನೆಯ ಸಲ ಹೊನೊರಾತಾ ಅತ್ತೆ, “ಆಗ್ಲಿಲ್ಲ ಬಿಡಿ, ಕಾರಲ್ಲೇ ಹೋಗ್ಲಿ,” ಎನ್ನುತ್ತಿದ್ದಂತೆ ಅದು ಸಿಡಿಯಿತು. ಕಿವಿ ಗುಂಯ್ಗುಟ್ಟಿತು. ನೀಲಿ ಹೊಗೆ ನೇರವಾಗಿ ಝೀತಾರ ಒಳ್ಳೆಯ ಟೋಪಿಗೆ ಬಡಿಯಿತು. ಅವರು ಅಲ್ಲಾಡಲಿಲ್ಲ. ಬಾಯಿ ತೆರೆದು, ಮೂಗು ಅರಳಿಸಿ, ಮಳೆಗೆ ನಿಂತವರ ಹಾಗೆ ನಿಂತಿದ್ದರು.

ತಾತ ಮೊದಲ ತಿರುವಿನಲ್ಲಿ ನೆಟ್ಟಗೆ ಹೋದರು, ಅಜ್ಜಂದಿರು ಹೋಗುವ ಹಾಗೆ. ಎರಡನೆಯದರಲ್ಲಿ ಎಡಗಾಲು ಇಳಿಯಿತು. ಮೂರನೆಯದರಲ್ಲಿ ಹಿಂದಿನ ಚಕ್ರ ಹೊರಗೆ ಜಾರಿ ಕೆಂಪು ಮಣ್ಣು ಬೇಲಿಗೆ ಎರಚಿತು. ಜನ ಎದ್ದು ನಿಂತರು. ತಾತ ಗೇಟು ದಾಟಿದರು. ತಿರುಗಲಿಲ್ಲ.

ಅತ್ತೆ ಬಾವುಟದ ಗೋಪುರಕ್ಕೆ ಓಡಿದರು. ಹಿಂದೆ ನಾನು. ಮೇಲೆ ಹಿಯೆರೋನಿಮ್ ಇದ್ದ. ನಲವತ್ತು ವರ್ಷದಿಂದ ಓಟದ ಕೊನೆಗೆ ಚೌಕಳಿ ಬಾವುಟ ಬೀಸುವವನು. ಬಾವುಟ ಕಂಕುಳಲ್ಲಿತ್ತು. ಒಂದು ಬೆರಳು ಎತ್ತಿ ಹಿಡಿದಿದ್ದ.

“ಬೀಸೋ ಹಿಯೆರೋನಿಮ್!”

“ಒಂದೇ ಸುತ್ತಾಗಿರೋದು ಹೊನೊರಾತಾ.”

“ಒಂದೇ ಕಣೋ ಬೇಕಾಗಿರೋದು! ಪತ್ರ ಓದ್ಲಿಲ್ವಾ?”

“ಓದ್ದೆ. ಆದ್ರೆ ಓಟ ಅಂದ್ರೆ ನಾಲ್ಕು ಸುತ್ತು. ಒಂದು ಸುತ್ತಿಗೆ ಈ ಬಾವುಟ ಬೀಸಿದ್ರೆ ಕೈ ಬಿದ್ದು ಹೋಗುತ್ತೆ ನಂಗೆ.”

“ನಿನ್ನ ಕೈ ನಾನೇ ಬೀಳಿಸ್ತೀನಿ!”

“ಎರಡು,” ಎಂದ ಹಿಯೆರೋನಿಮ್. ಎರಡನೆಯ ಬೆರಳು ಎತ್ತಿದ. ತಾತ ಕೆಳಗೆ ಬಾಣದ ಹಾಗೆ ಹೋದರು. ಅತ್ತೆ ಬೇಲಿ ಹತ್ತಲು ಒಂದು ಕಾಲು ಎತ್ತಿಟ್ಟರು. ಟ್ರ್ಯಾಕಿಗೆ ಅಡ್ಡ ಮಲಗುವ ಮಾತು ತಮಾಷೆಯಾಗಿರಲಿಲ್ಲ. ನಾನು ಅವರ ಸೊಂಟ ತಬ್ಬಿ ಹಿಡಿದೆ. ಅವರು ಕಿರುಚುತ್ತಿದ್ದರು, ನಾನೂ ಕಿರುಚುತ್ತಿದ್ದೆ. ಮೂರನೆಯ ಸುತ್ತಿನಲ್ಲಿ ನೋಡಿದರೆ ಅತ್ತೆ ಕಿರುಚುತ್ತಿದ್ದದ್ದು, “ಒಳಗಿನ ಗೆರೆ ಹಿಡೀರಿ ಅಪ್ಪ, ಒಳಗಿನ ಗೆರೆ!”

ನಾಲ್ಕನೆಯದಕ್ಕೆ ಹಿಯೆರೋನಿಮ್ ಎರಡೂ ಕೈಯಲ್ಲಿ ಬಾವುಟ ಬೀಸಿದ. ಎಂಜಿನ್ ನಿಂತಿತು. ಬ್ರೇಕಿಲ್ಲದ ಗಾಡಿ ಅರ್ಧ ಮೈದಾನ ತಾನೇ ಉರುಳಿ, ನಮ್ಮ ಮುಂದೆ ಬಂದು, ಹುಲ್ಲಿನ ಮೂಟೆಗೆ ಒರಗಿತು. ತಾತನ ಹಲ್ಲುಗಳವರೆಗೂ ಕೆಂಪು ಮಣ್ಣು.

“ಅಪ್ಪ! ಒಂದು ಸುತ್ತು ಅಂದಿದ್ದೆ!”

“ಬಾವುಟ ಬೀಳ್ದೆ ನಿಲ್ಸಿದ್ರೆ ಸೊನ್ನೆ ಕೊಡ್ತಾರೆ ಮಗಳೇ.”

ಅತ್ತೆ ಅವರ ಬೆನ್ನಿಗೆ ಒಂದು ಗುದ್ದು ಹಾಕಿದರು. ಆಮೇಲೆ ಮಣ್ಣಿನ ಕೆನ್ನೆಗೆ ಮುತ್ತಿಟ್ಟರು. ಮೇಲಿನ ಸಾಲುಗಳಲ್ಲಿ ಆಗಲೇ ಜಗಳ ಹತ್ತಿತ್ತು. ಒಬ್ಬರೇ ಓಡಿದ ಓಟಕ್ಕೆ ಗೆದ್ದವನಿಗೆ ಸಿಗುವ ಮೂರು ಅಂಕ ಬರೆಯಬೇಕೋ ಬೇಡವೋ? ಬರೆಯಬೇಕೆಂದು ತೀರ್ಮಾನವಾಯಿತು. ಆರು ಸಾವಿರ ಪೆನ್ಸಿಲ್ಲುಗಳು ಒಟ್ಟಿಗೆ ಬಗ್ಗಿದವು.

ಎಲ್ಲ ಓಟ ಗೆದ್ದವನನ್ನು ತಂಡದವರು ಗಾಳಿಗೆ ಎಸೆದು ಹಿಡಿಯುವುದು ನಮ್ಮಲ್ಲಿನ ಪದ್ಧತಿ. ಸವಾರರು ತಾತನ ಕಡೆ ಬಂದೇಬಿಟ್ಟರು. ಅತ್ತೆ ಅಡ್ಡ ನಿಂತರು. “ಸೊಂಟ! ಮುಟ್ಟಿದ್ರೆ ನೋಡಿ!”

“ಸೊಂಟ ನಿಜ,” ತಾತ ಒಪ್ಪಿಕೊಂಡರು. “ಹಾಗಾದ್ರೆ ನನ್ನ ಮೆಕ್ಯಾನಿಕ್‌ನ ಎತ್ತಿ.”

ಯಾರು ಎಂದು ನಾನು ಸುತ್ತ ನೋಡುವುದರೊಳಗೆ ಕಾಲ ಕೆಳಗೆ ನೆಲ ಇರಲಿಲ್ಲ. ಒಂದು ಬೂಟು ಎತ್ತಲೋ ಹಾರಿತು. ಮೇಲೆ ಹೋದೆ. ಎಂಟು ಕೈಗಳ ಮೇಲೆ ಬಿದ್ದೆ. ಮತ್ತೆ ಹೋದೆ. ಕೆಳಗೆ ಝೀತಾರ ಟೋಪಿ, ಗೋಪುರದಲ್ಲಿ ಹಿಯೆರೋನಿಮ್‌ನ ಬೋಳುತಲೆ, ಆಚೆ ಬೀದಿಯಲ್ಲಿ ನನ್ನ ಮನೆಯ ಕಿಟಕಿ. ಯಾರೋ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುವ ಸದ್ದು ಕೇಳಿಸಿತು. ತುಂಬ ಹತ್ತಿರದಿಂದ.

ಮೂರನೆಯ ಸಲಕ್ಕೆ ಇಳಿಸಿದರು. ಒಂದು ಕಾಲಲ್ಲಿ ಬೂಟು, ಒಂದರಲ್ಲಿ ಕಾಲುಚೀಲ.

“ಸಾಕಾ?” ಎಂದರು ತಾತ.

“ಇಲ್ಲ,” ಎಂದೆ.